ಗ್ಯಾರಂಟಿಗೆ ಅಂಕಿ, ಜಾತಿಗಣತಿಗೆ ಅಡ್ಡಗೋಡೆ: ಅಭ್ಯರ್ಥಿಗಳು ಯಾವಾಗ ಬಾಯಿ ಬಿಡುತ್ತಾರೆ, ಯಾವಾಗ ಬಿಡುವುದಿಲ್ಲ?

2025ರ ಏಪ್ರಿಲ್ 11ರಂದು ಹಿಂದುಳಿದ ವರ್ಗಗಳ ಆಯೋಗದ ಜಾತಿವಾರು ಸಮೀಕ್ಷಾ ವರದಿ ರಾಜ್ಯ ಸಚಿವ ಸಂಪುಟದ ಮುಂದೆ ಬಂತು. ಆರು ದಿನ ಬಿಟ್ಟು ಅದಕ್ಕೆಂದೇ ವಿಶೇಷ ಸಭೆ ಸೇರಿತು, ತೀರ್ಮಾನ ಆಗಲಿಲ್ಲ. ಜೂನ್ 10ರಂದು ದೆಹಲಿಯಲ್ಲಿ ಕಾಂಗ್ರೆಸ್ ವರಿಷ್ಠರೊಂದಿಗೆ ಮಾತುಕತೆ ನಡೆಯಿತು. ಎರಡು ದಿನದ ನಂತರ ಸಂಪುಟವು ಹಳೆಯ ವರದಿಯನ್ನು ಬದಿಗಿಟ್ಟು ಹೊಸ ಸಮೀಕ್ಷೆಗೆ ಒಪ್ಪಿಗೆ ಕೊಟ್ಟಿತು. ಸೆಪ್ಟೆಂಬರ್ 22ರಿಂದ ಶಾಲಾ ಶಿಕ್ಷಕರು 60 ಪ್ರಶ್ನೆಗಳ ಪಟ್ಟಿ ಹಿಡಿದು ಮತ್ತೆ ಮನೆ ಮನೆಯ ಬಾಗಿಲು ತಟ್ಟಿದರು.

ಇದೆಲ್ಲವನ್ನೂ ಪತ್ರಿಕೆಯಲ್ಲಿ ಓದಿದವರಿಗೆ ಒಂದು ಪ್ರಶ್ನೆ ಬಗೆಹರಿದಿರಲಾರದು. ಹಳೆಯ ವರದಿಯನ್ನು ನಿಜಕ್ಕೂ ಬೇಡವೆಂದವರು ಯಾರು? ಯಾವ ದೊಡ್ಡ ಪಕ್ಷವೂ ಚುನಾವಣಾ ವೇದಿಕೆಯ ಮೇಲೆ ನಿಂತು ಜಾತಿವಾರು ಸಮೀಕ್ಷೆಯೇ ಬೇಡ ಎಂದು ಹೇಳಿದ್ದಿಲ್ಲ. ಆದರೂ ಅದು ಹತ್ತು ವರ್ಷ ಕಪಾಟಿನಿಂದ ಹೊರಬರಲಿಲ್ಲ.

ಯಾರೂ ವಿರೋಧಿಸದ ವರದಿ

ಸಿದ್ದರಾಮಯ್ಯನವರ ಮೊದಲ ಸರ್ಕಾರ ಈ ಕೆಲಸವನ್ನು ಎಚ್. ಕಾಂತರಾಜ ನೇತೃತ್ವದ ಆಯೋಗಕ್ಕೆ ವಹಿಸಿತ್ತು. 2015ರ ಏಪ್ರಿಲ್–ಮೇ ತಿಂಗಳಲ್ಲಿ ಮಾಹಿತಿ ಸಂಗ್ರಹ ಮುಗಿಯಿತು, ಸುಮಾರು 165 ಕೋಟಿ ರೂಪಾಯಿ ಖರ್ಚಾಯಿತು. 2018ರ ಚುನಾವಣೆಗೆ ಮುಂಚೆ ವರದಿ ಬರಲಿಲ್ಲ. ಆಮೇಲೆ ಬಂದ ಕುಮಾರಸ್ವಾಮಿ, ಯಡಿಯೂರಪ್ಪ, ಬೊಮ್ಮಾಯಿ ಸರ್ಕಾರಗಳು ಅದನ್ನು ಸ್ವೀಕರಿಸಲಿಲ್ಲ. ಸದಸ್ಯ ಕಾರ್ಯದರ್ಶಿಯ ಸಹಿ ಇಲ್ಲ ಎಂಬ ತಾಂತ್ರಿಕ ಕಾರಣ ವರ್ಷಗಟ್ಟಲೆ ಚಲಾವಣೆಯಲ್ಲಿತ್ತು. ಕೊನೆಗೆ ಆಯೋಗದ ಮುಂದಿನ ಅಧ್ಯಕ್ಷ ಕೆ. ಜಯಪ್ರಕಾಶ್ ಹೆಗ್ಡೆ ಅವರು 2024ರ ಫೆಬ್ರುವರಿ 29ರಂದು ವರದಿ ಸಲ್ಲಿಸಿದರು.

ಈ ಅವಧಿಯ ಹೇಳಿಕೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಪಕ್ಷಭೇದವೇ ಕಾಣುವುದಿಲ್ಲ. ಸಮೀಕ್ಷೆಗೆ ನಮ್ಮ ವಿರೋಧವಿಲ್ಲ, ಆದರೆ ಅದು ವೈಜ್ಞಾನಿಕವಾಗಿರಬೇಕು. ಯಾರಿಗೂ ಅನ್ಯಾಯವಾಗಬಾರದು. ಎಲ್ಲರನ್ನೂ ವಿಶ್ವಾಸಕ್ಕೆ ತೆಗೆದುಕೊಳ್ಳಬೇಕು. ಆಳವಾಗಿ ಅಧ್ಯಯನ ಮಾಡಿ ಮಾತನಾಡುತ್ತೇವೆ. ಯಾವ ಅಂಕಿ ಬಂದರೆ ವೈಜ್ಞಾನಿಕ, ಅನ್ಯಾಯವಾಗದಂತೆ ಹಂಚುವುದೆಂದರೆ ಯಾರಿಗೆ ಎಷ್ಟು ಎಂಬುದು ಮಾತ್ರ ಇವುಗಳಲ್ಲಿ ಸಿಗದು. ಅಡ್ಡಗೋಡೆಯ ಮೇಲೆ ದೀಪ ಇಡುವುದೆಂದರೆ ಇದೇ: ಎರಡೂ ಕಡೆಯವರಿಗೆ ಬೆಳಕು ತಮ್ಮತ್ತಲೇ ಬಿದ್ದಂತೆ ತೋರುತ್ತದೆ.

ಅಭ್ಯರ್ಥಿಗಳಿಗೆ ಧೈರ್ಯವಿಲ್ಲ, ವಿಷಯ ಗೊತ್ತಿಲ್ಲ, ಎಲ್ಲರೂ ಸಮಯಸಾಧಕರು ಎನ್ನುವುದು ಇದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ. ಅದರಲ್ಲಿ ಸ್ವಲ್ಪ ನಿಜವಿರಬಹುದು. ಆದರೆ ಅದೇ ಅಭ್ಯರ್ಥಿಗಳು ಬೇರೆ ವಿಷಯಗಳಲ್ಲಿ ರೂಪಾಯಿ ಲೆಕ್ಕದಲ್ಲಿ ಮಾತನಾಡುತ್ತಾರೆ. ಅದು ಹೇಗೆ ಎಂದು ಈ ವಿವರಣೆ ಹೇಳಲಾರದು.

ಯೂನಿಟ್, ಕಿಲೋ, ರೂಪಾಯಿ

2023ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಗ್ಯಾರಂಟಿ ಎಂದು ಕರೆದು ಕೊಟ್ಟ ಐದು ಭರವಸೆಗಳನ್ನೇ ನೋಡಬಹುದು. ಮನೆಗೆ 200 ಯೂನಿಟ್ ವಿದ್ಯುತ್ ಉಚಿತ. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ತಲೆಗೆ 10 ಕಿಲೋ ಅಕ್ಕಿ. ನಿರುದ್ಯೋಗಿ ಪದವೀಧರರಿಗೆ 3,000, ಡಿಪ್ಲೊಮಾ ಮುಗಿಸಿದವರಿಗೆ 1,500 ರೂಪಾಯಿ. ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ. ಪರಿಶೀಲನೆಯ ಮಾತಿಲ್ಲ, ತಜ್ಞರ ಸಮಿತಿಯ ಮಾತೂ ಇಲ್ಲ. ಕಾರ್ಡಿನ ಮೇಲೆ ಅಂಕಿ ಮುದ್ರಿಸಿ, ನಾಯಕರು ಸಹಿ ಹಾಕಿ ಮನೆ ಮನೆಗೆ ಹಂಚಿದರು.

ಅದೇ ಪಕ್ಷದ ಅದೇ ಪ್ರಣಾಳಿಕೆಯಲ್ಲಿ, 2006ರ ನಂತರ ಕೆಲಸಕ್ಕೆ ಸೇರಿದ ಸರ್ಕಾರಿ ನೌಕರರಿಗೆ ಹಳೆಯ ಪಿಂಚಣಿ ಕೊಡುವ ವಿಷಯವನ್ನು ಸಹಾನುಭೂತಿಯಿಂದ ಪರಿಗಣಿಸಲಾಗುವುದು ಎಂದಿತ್ತು. ಕೆಲವೇ ತಿಂಗಳ ಹಿಂದೆ ಹಿಮಾಚಲ ಪ್ರದೇಶದಲ್ಲಿ ಇದೇ ಕಾಂಗ್ರೆಸ್ ಹಳೆಯ ಪಿಂಚಣಿ ಕೊಟ್ಟೇ ಕೊಡುತ್ತೇವೆ ಎಂದು ಪ್ರಚಾರ ಮಾಡಿ, ಗೆದ್ದು, 2023ರ ಜನವರಿಯ ಮೊದಲ ಸಂಪುಟ ಸಭೆಯಲ್ಲೇ ನಿರ್ಣಯ ಮಾಡಿತ್ತು. ಆ ಪುಟ್ಟ ರಾಜ್ಯದಲ್ಲಿ ಸರ್ಕಾರಿ ನೌಕರರ ಕುಟುಂಬಗಳ ಪಾಲು ದೊಡ್ಡದು, ಅಲ್ಲಿ ಖಚಿತ ಮಾತು ಮತ ತಂದಿತು. ಕರ್ನಾಟಕದಲ್ಲಿ ಒಲ್ಲೆ ಎಂದರೆ ನೌಕರರು ಮುನಿಯುತ್ತಾರೆ, ಆಗಲಿ ಎಂದರೆ ಗ್ಯಾರಂಟಿಗಳಿಗೇ ಹಣ ಹೊಂದಿಸಬೇಕಾದ ಖಜಾನೆ ತಾಳುವುದಿಲ್ಲ. ಹಾಗಾಗಿ ಇಲ್ಲಿ ಬರೀ ಸಹಾನುಭೂತಿ.

ಪಕ್ಷವೂ ಒಂದೇ, ಬೇಡಿಕೆಯೂ ಒಂದೇ. ಬದಲಾದದ್ದು ಅಲ್ಲಿನ ಮತ್ತು ಇಲ್ಲಿನ ಲಾಭನಷ್ಟದ ಲೆಕ್ಕ.

ನಷ್ಟಕ್ಕೆ ಹೆಸರಿದೆಯೇ?

ಸರ್ಕಾರದ ಪ್ರತಿ ತೀರ್ಮಾನದಲ್ಲೂ ಪಡೆಯುವವರು, ಕಳೆದುಕೊಳ್ಳುವವರು ಇರುತ್ತಾರೆ. ಅಭ್ಯರ್ಥಿಯ ಮಾತು ಸ್ಪಷ್ಟವಾಗಿರುತ್ತದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಬಹುಮಟ್ಟಿಗೆ ಕಳೆದುಕೊಳ್ಳುವವರು. ಅವರಿಗೆ ತಾವು ಕಳೆದುಕೊಳ್ಳುತ್ತಿದ್ದೇವೆಂದು ಮತದಾನದ ದಿನ ಗೊತ್ತಿರುತ್ತದೆಯೇ? ಗೊತ್ತಿದ್ದರೆ, ಅವರು ಆ ಅಭ್ಯರ್ಥಿಯ ಮತದಾರರೇ?

ಗ್ಯಾರಂಟಿಗಳಲ್ಲಿ ನಷ್ಟ ಯಾರದೆಂದು ಮತದಾನದ ದಿನ ತಿಳಿದಿರಲಿಲ್ಲ. ಆ ಯೋಜನೆಗಳಿಗೆ ವರ್ಷಕ್ಕೆ ಸುಮಾರು 52,000 ಕೋಟಿ ರೂಪಾಯಿ ಬೇಕಾಯಿತು. ಯಾವ ಊರಿನ ರಸ್ತೆ ನಿಲ್ಲುತ್ತದೆ, ಯಾವ ತೆರಿಗೆ ಏರುತ್ತದೆ ಎಂಬುದು ಪ್ರಚಾರದಲ್ಲಿ ಚರ್ಚೆಗೇ ಬರಲಿಲ್ಲ. ಪರಿಶಿಷ್ಟರಿಗೆಂದೇ ಮೀಸಲಿಟ್ಟ ಉಪಯೋಜನೆಯ ಹಣ ಗ್ಯಾರಂಟಿಗಳಿಗೆ ಹೋಗುತ್ತಿದೆ ಎಂಬ ತಕರಾರು ಎದ್ದದ್ದು ಸರ್ಕಾರ ಬಂದ ಮೇಲೆ. ಪೆಟ್ರೋಲ್ ಮೇಲಿನ ತೆರಿಗೆ ಏರಿ ಲೀಟರಿಗೆ ಸುಮಾರು 3 ರೂಪಾಯಿ ಹೆಚ್ಚಾದದ್ದು 2024ರ ಜೂನ್ ಮಧ್ಯದಲ್ಲಿ, ಲೋಕಸಭಾ ಫಲಿತಾಂಶ ಬಂದು ಎರಡು ವಾರ ಕಳೆಯುವ ಮುಂಚೆ. ಕೊಡುವುದರ ಬಗ್ಗೆ ಸ್ಪಷ್ಟತೆ ಮತದಾನಕ್ಕೆ ಮೊದಲು, ಕೀಳುವುದರ ಬಗ್ಗೆ ಸ್ಪಷ್ಟತೆ ಮತದಾನವಾದ ಮೇಲೆ.

ನಷ್ಟಕ್ಕೆ ಹೆಸರಿದ್ದೂ ಮಾತು ಖಚಿತವಾಗಿದ್ದ ಪ್ರಸಂಗವೂ ಇದೆ. 2023ರ ಮಾರ್ಚ್‌ನಲ್ಲಿ ಬೊಮ್ಮಾಯಿ ಸರ್ಕಾರ ಮುಸ್ಲಿಮರಿಗಿದ್ದ ಪ್ರವರ್ಗ 2ಬಿಯ ಶೇ 4 ಮೀಸಲಾತಿಯನ್ನು ತೆಗೆದು, ಒಕ್ಕಲಿಗರು ಮತ್ತು ಲಿಂಗಾಯತರಿರುವ ಪ್ರವರ್ಗಗಳಿಗೆ ತಲಾ ಶೇ 2ರಂತೆ ಹಂಚುವುದಾಗಿ ಪ್ರಕಟಿಸಿತು. ಕಳೆದುಕೊಳ್ಳುವವರು ಯಾರೆಂಬುದರಲ್ಲಿ ಇಲ್ಲಿ ಯಾವ ಮುಸುಕೂ ಇರಲಿಲ್ಲ. ಆದರೆ ಅವರು ಬಿಜೆಪಿಯ ಮತದಾರರಾಗಿರಲಿಲ್ಲ. ಆ ತೀರ್ಮಾನವನ್ನು ಸದ್ಯ ಜಾರಿ ಮಾಡುವುದಿಲ್ಲವೆಂದು ಸರ್ಕಾರವೇ ಸುಪ್ರೀಂ ಕೋರ್ಟಿಗೆ ಹೇಳಬೇಕಾಗಿ ಬಂದದ್ದು ಬೇರೆ ಮಾತು.

ಜಾತಿ ಸಮೀಕ್ಷೆ ಇವೆರಡರಂತೆಯೂ ಅಲ್ಲ. ಹೊರಬಿದ್ದ ಅಂಕಿಗಳ ಪ್ರಕಾರ ಲಿಂಗಾಯತರ ಸಂಖ್ಯೆ ಸುಮಾರು 66 ಲಕ್ಷ, ಒಕ್ಕಲಿಗರದು 61 ಲಕ್ಷದ ಮೇಲೆ; ಎರಡೂ ಸಮುದಾಯಗಳ ಸಂಘಟನೆಗಳು ಹೇಳಿಕೊಂಡು ಬಂದದ್ದಕ್ಕಿಂತ ಬಹಳ ಕಡಿಮೆ. ಸಂಖ್ಯೆ ಕಡಿಮೆ ಎಂದು ಸರ್ಕಾರಿ ಮುದ್ರೆ ಬಿದ್ದರೆ ಟಿಕೆಟ್ ಹಂಚಿಕೆ, ಮಂತ್ರಿಗಿರಿ, ನಿಗಮಗಳ ಅನುದಾನ ಎಲ್ಲದರಲ್ಲೂ ಮಾತಿನ ತೂಕ ಇಳಿಯುತ್ತದೆ. ಈ ನಷ್ಟಕ್ಕೆ ಹೆಸರಿದೆ, ಮಠವಿದೆ, ಸಂಘವಿದೆ. ಮುಖ್ಯವಾಗಿ, ಆ ಹೆಸರಿನವರು ಮೂರೂ ಪಕ್ಷಗಳ ಒಳಗೇ ಇದ್ದಾರೆ. ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರು 2023ರಲ್ಲಿ ಒಕ್ಕಲಿಗ ಮುಖಂಡರ ಮನವಿಗೆ ಸಹಿ ಹಾಕಿದ್ದರು. ವೀರಶೈವ ಮಹಾಸಭೆಯ ಅಧ್ಯಕ್ಷರಾಗಿ ವರದಿಯನ್ನು ವಿರೋಧಿಸಿದ ಶಾಮನೂರು ಶಿವಶಂಕರಪ್ಪ ಅವರು ಕಾಂಗ್ರೆಸ್ ಶಾಸಕರೇ ಆಗಿದ್ದರು. ಇನ್ನೊಂದು ಮಗ್ಗುಲಲ್ಲಿ ಸಿದ್ದರಾಮಯ್ಯನವರ ರಾಜಕೀಯವೇ ಹಿಂದುಳಿದ ವರ್ಗಗಳ ಬೆಂಬಲದ ಮೇಲೆ ನಿಂತಿದೆ. ಹೌದು ಎಂದರೆ ಪಕ್ಷದ ಅರ್ಧ ಸಿಡಿಯುತ್ತದೆ, ಅಲ್ಲ ಎಂದರೆ ಇನ್ನರ್ಧ.

ದೂರ ಹೋದಷ್ಟೂ ಮಾತು ತಿಳಿಯಾಗುವುದು ಇದೇ ಕಾರಣಕ್ಕೆ. 2023ರ ಏಪ್ರಿಲ್‌ನಲ್ಲಿ ಕೋಲಾರದಲ್ಲಿ ನಿಂತು ರಾಹುಲ್ ಗಾಂಧಿ ಜನಸಂಖ್ಯೆಗೆ ತಕ್ಕ ಪಾಲು ಸಿಗಬೇಕೆಂದರು, ಕೇಂದ್ರವು ಜಾತಿವಾರು ಅಂಕಿ ಬಿಡುಗಡೆ ಮಾಡಲಿ ಎಂದರು. ದೇಶದ ಮಟ್ಟದಲ್ಲಿ ಆ ಮಾತಿಗೆ ಅವರ ಪಕ್ಷದೊಳಗೆ ದೊಡ್ಡ ತಕರಾರು ಇಲ್ಲ. ಬೆಂಗಳೂರಿನ ಕಪಾಟಿನಲ್ಲಿದ್ದ ಅಂಕಿಯ ಬಗ್ಗೆ ಅಷ್ಟೇ ಖಚಿತವಾಗಿ ಮಾತನಾಡುವ ಅನುಕೂಲ ರಾಜ್ಯ ನಾಯಕರಿಗೆ ಇರಲಿಲ್ಲ. ಬಿಜೆಪಿಯದು ಇದರ ಪ್ರತಿಬಿಂಬ: 2025ರ ಏಪ್ರಿಲ್ 30ರಂದು ಕೇಂದ್ರ ಸರ್ಕಾರ ಮುಂದಿನ ಜನಗಣತಿಯಲ್ಲಿ ಜಾತಿ ಎಣಿಕೆ ಇರುತ್ತದೆ ಎಂದು ಪ್ರಕಟಿಸಿತು, ಅದೇ ಹೊತ್ತಿನಲ್ಲಿ ರಾಜ್ಯ ಬಿಜೆಪಿ ರಾಜ್ಯದ ಸಮೀಕ್ಷೆಯಲ್ಲಿ ಕೊರತೆಗಳನ್ನು ಪಟ್ಟಿ ಮಾಡುತ್ತಿತ್ತು.

ಮಾತನಾಡಿ ಕೆಟ್ಟವರ ನೆನಪು

ರಾಜಕಾರಣಿಗಳು ತಮ್ಮ ಕ್ಷೇತ್ರದ ಇತಿಹಾಸವನ್ನು ಯಾವ ಸಂಶೋಧಕನಿಗಿಂತಲೂ ಚೆನ್ನಾಗಿ ನೆನಪಿಟ್ಟುಕೊಳ್ಳುತ್ತಾರೆ. ಸ್ಪಷ್ಟವಾಗಿ ಮಾತನಾಡಿ ಪೆಟ್ಟು ತಿಂದ ಉದಾಹರಣೆಗಳಿಗೆ ಕರ್ನಾಟಕದಲ್ಲಿ ಬರವಿಲ್ಲ.

2018ರ ಮಾರ್ಚ್‌ನಲ್ಲಿ, ಚುನಾವಣೆಗೆ ಎರಡು ತಿಂಗಳೂ ಇಲ್ಲದಾಗ, ಲಿಂಗಾಯತರಿಗೆ ಪ್ರತ್ಯೇಕ ಧರ್ಮದ ಮಾನ್ಯತೆ ಕೊಡಬೇಕೆಂದು ಸಿದ್ದರಾಮಯ್ಯ ಸಂಪುಟ ಕೇಂದ್ರಕ್ಕೆ ಶಿಫಾರಸು ಮಾಡಿತು. ಮೇ ತಿಂಗಳಲ್ಲಿ ಕಾಂಗ್ರೆಸ್ 122ರಿಂದ 78 ಸ್ಥಾನಕ್ಕೆ ಇಳಿಯಿತು. ಸೋಲಿಗೆ ಈ ಶಿಫಾರಸೇ ಕಾರಣ ಎಂದು ಅಂಕಿಗಳಿಂದ ಸಾಬೀತು ಮಾಡುವುದು ಕಷ್ಟ, ಐದು ವರ್ಷದ ಆಡಳಿತದ ಮೇಲೆ ಬೇರೆ ಸಿಟ್ಟುಗಳೂ ಇದ್ದವು. ಆದರೆ ಪಕ್ಷದವರು ಹಾಗೆ ನಂಬಿದರು. ಧರ್ಮದ ವಿಷಯದಲ್ಲಿ ಕೈಹಾಕಿ ತಪ್ಪು ಮಾಡಿದೆವು ಎಂದು ಶಿವಕುಮಾರ್ ಅದೇ ವರ್ಷ ಬಹಿರಂಗವಾಗಿ ಹೇಳಿದರು. ಮುಂದಿನ ಬಾರಿ ನಾಲಿಗೆ ಬಿಗಿಹಿಡಿಯಲು ನಂಬಿಕೆಯೇ ಸಾಕು, ಪುರಾವೆ ಬೇಕಿಲ್ಲ.

2023ರಲ್ಲಿ ಪರಿಶಿಷ್ಟ ಜಾತಿಗಳ ಒಳಮೀಸಲಾತಿಗೆ, ಅಂದರೆ ಅವರ ಪಾಲನ್ನು ಅವರೊಳಗಿನ ಗುಂಪುಗಳಿಗೆ ಹಂಚುವುದಕ್ಕೆ, ಬೊಮ್ಮಾಯಿ ಸರ್ಕಾರ ಅಂಕಿ ಕೊಟ್ಟಿತು: ಎಡಗೈ ಸಮುದಾಯಗಳಿಗೆ ಶೇ 6, ಬಲಗೈಗೆ 5.5, ಬಂಜಾರ, ಭೋವಿ ಮೊದಲಾದವರಿಗೆ 4.5, ಉಳಿದವರಿಗೆ 1. ಕೆಲವೇ ದಿನಗಳಲ್ಲಿ ಶಿಕಾರಿಪುರದಲ್ಲಿ ಯಡಿಯೂರಪ್ಪನವರ ಮನೆಯ ಮೇಲೆ ಕಲ್ಲು ಬಿದ್ದವು, ಪ್ರತಿಭಟನೆಗೆ ಇಳಿದವರು ಬಂಜಾರರು. ಇದೇ ಒಳಮೀಸಲಾತಿಯ ಬಗ್ಗೆ 2012ರಲ್ಲೇ ಸಲ್ಲಿಕೆಯಾಗಿದ್ದ ಎ.ಜೆ. ಸದಾಶಿವ ಆಯೋಗದ ವರದಿಯನ್ನು ಸರ್ಕಾರದ ನಂತರ ಸರ್ಕಾರ ಹನ್ನೊಂದು ವರ್ಷ ಮುಟ್ಟದೇ ಇದ್ದದ್ದು ಯಾಕೆಂದು ಆ ಒಂದು ದಿನ ತಿಳಿಸಿತು. ಅದೇ ಚುನಾವಣೆಯಲ್ಲಿ ಬಜರಂಗದಳ, ಪಿಎಫ್‌ಐನಂಥ ಸಂಘಟನೆಗಳ ನಿಷೇಧದ ಮಾತನ್ನು ಕಾಂಗ್ರೆಸ್ ಪ್ರಣಾಳಿಕೆಯಲ್ಲಿ ಹಾಕಿ, ಪ್ರಚಾರದ ಕೊನೆಯ ವಾರವನ್ನು ಅದಕ್ಕೆ ಸಮಜಾಯಿಷಿ ಕೊಡುವುದರಲ್ಲಿ ಕಳೆಯಿತು. ನಿಷೇಧದ ಪ್ರಸ್ತಾವವೇ ಇಲ್ಲ ಎಂದು ವೀರಪ್ಪ ಮೊಯಿಲಿ ಹೇಳಬೇಕಾಯಿತು. ಆ ಒಂದು ಸಾಲು ಇರದಿದ್ದರೆ ಪಕ್ಷಕ್ಕೆ ಒಂದು ಮತವೂ ಕಡಿಮೆಯಾಗುತ್ತಿರಲಿಲ್ಲ ಎಂಬುದು ನನ್ನ ಅಂದಾಜು.

ಕ್ಷೇತ್ರದ ಮಟ್ಟದಲ್ಲಿ ಈ ಭಯ ಇನ್ನೂ ಹೆಚ್ಚು. ಅತಿ ಹೆಚ್ಚು ಮತ ಪಡೆದವನೇ ಗೆಲ್ಲುವ ಪದ್ಧತಿಯಲ್ಲಿ ಒಂದು ಸಣ್ಣ ಗುಂಪು ಮುನಿದರೂ ಕುರ್ಚಿ ಹೋಗಬಹುದು. 2023ರಲ್ಲಿ ಬೆಂಗಳೂರಿನ ಜಯನಗರ ಕ್ಷೇತ್ರ ತೀರ್ಮಾನವಾದದ್ದು 16 ಮತಗಳಿಂದ.

ಸಂಶೋಧಕರು ಏನನ್ನುತ್ತಾರೆ?

ಇದು ಕರ್ನಾಟಕಕ್ಕೆ ಮಾತ್ರ ಅಂಟಿದ ಜಾಡ್ಯವೇನೂ ಅಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಆಂಟನಿ ಡೌನ್ಸ್ 1957ರಲ್ಲೇ ಹೇಳಿದ್ದ: ಎರಡು ಪಕ್ಷಗಳ ಪೈಪೋಟಿಯಲ್ಲಿ ನಿಲುವನ್ನು ಮಸುಕಾಗಿಡುವುದು ಪಕ್ಷಗಳ ಮಟ್ಟಿಗೆ ವಿವೇಕದ ನಡೆ, ಆದರೆ ಅದರಿಂದ ಮತದಾರನಿಗೆ ವಿವೇಕದಿಂದ ಆರಿಸುವುದು ಕಷ್ಟವಾಗುತ್ತದೆ. 1970ರ ದಶಕದಲ್ಲಿ ಬೆಂಜಮಿನ್ ಪೇಜ್ ಮಂಡಿಸಿದ ವಾದ ಇನ್ನಷ್ಟು ಸರಳ. ಮತದಾರರ ಗಮನ ಸೀಮಿತವಾದದ್ದು, ಅದನ್ನು ಎಲ್ಲರೂ ಒಪ್ಪುವ ವಿಷಯಗಳ ಮೇಲೆ ಖರ್ಚು ಮಾಡಿಸುವುದೇ ಅಭ್ಯರ್ಥಿಗೆ ಲಾಭ. ಭ್ರಷ್ಟಾಚಾರ ಬೇಡ, ಅಭಿವೃದ್ಧಿ ಬೇಕು ಎಂದರೆ ಯಾರು ಅಲ್ಲವೆನ್ನುತ್ತಾರೆ?

ಮತದಾರರು ಮಸುಕು ಮಾತಿಗೆ ಶಿಕ್ಷೆ ಕೊಡುತ್ತಾರೆ ಎಂಬ ನಿರೀಕ್ಷೆಯೂ ಅಷ್ಟು ಗಟ್ಟಿಯಲ್ಲ. ಮೈಕೆಲ್ ಟಾಮ್ಜ್ ಮತ್ತು ರಾಬರ್ಟ್ ವ್ಯಾನ್ ಹೌವೆಲಿಂಗ್ 2009ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಅಸ್ಪಷ್ಟ ಅಭ್ಯರ್ಥಿ ಒಟ್ಟಾರೆ ಮತ ಕಳೆದುಕೊಳ್ಳುವುದಿಲ್ಲ ಎಂಬ ಫಲಿತಾಂಶ ಬಂತು. ಪಕ್ಷದ ಹೆಸರು ಗೊತ್ತಿದ್ದರೆ ಅವನಿಗೆ ಅನುಕೂಲವೂ ಆಗಬಹುದು: ತನ್ನ ಪಕ್ಷದವನು ಬಾಯಿ ಬಿಡದಿದ್ದರೆ ಮತದಾರ ಅವನ ಮನಸ್ಸಿನಲ್ಲಿ ತನ್ನದೇ ಅಭಿಪ್ರಾಯವಿದೆ ಎಂದುಕೊಳ್ಳುತ್ತಾನೆ. ಇಲ್ಲಿ ಪಕ್ಷದ ಜಾಗದಲ್ಲಿ ಜಾತಿಯನ್ನಿಟ್ಟು ಓದಿದರೆ ಅರ್ಥ ಹೆಚ್ಚು ಸ್ಪಷ್ಟವಾಗುತ್ತದೆ. ನಮ್ಮವನು ಎಂದ ಮೇಲೆ ಏನು ಹೇಳಿದ ಎಂದು ಯಾರು ಕೇಳುತ್ತಾರೆ?

ಶಾಸಕನಿಗೆ ನಿಲುವು ಯಾಕೆ ಬೇಕು?

ನಮ್ಮಲ್ಲಿ ಇದಕ್ಕೆ ಕಾನೂನಿನ ಒತ್ತಾಸೆಯೂ ಇದೆ. 1985ರ ಪಕ್ಷಾಂತರ ನಿಷೇಧ ಕಾಯ್ದೆಯ ಪ್ರಕಾರ ವಿಪ್, ಅಂದರೆ ಪಕ್ಷದ ಆದೇಶ, ಮೀರಿ ಮತ ಹಾಕಿದ ಶಾಸಕ ಸದಸ್ಯತ್ವ ಕಳೆದುಕೊಳ್ಳಬಹುದು. ಮಸೂದೆಯೊಂದರ ಮೇಲೆ ಸ್ವಂತ ಬುದ್ಧಿಯಿಂದ ಮತ ಹಾಕಲು ಆಗದವನಿಗೆ ಸ್ವಂತ ನಿಲುವು ಇದ್ದರೆಷ್ಟು, ಬಿಟ್ಟರೆಷ್ಟು? ಹಾಗಾಗಿ ಅಭ್ಯರ್ಥಿ ಕ್ಷೇತ್ರದಲ್ಲಿ ರಸ್ತೆ, ಸಮುದಾಯ ಭವನ, ದೇವಸ್ಥಾನದ ಜೀರ್ಣೋದ್ಧಾರದ ಮಾತನ್ನಾಡುತ್ತಾನೆ. ನೀತಿಯ ಪ್ರಶ್ನೆ ಬಂದರೆ ಹೈಕಮಾಂಡ್ ತೀರ್ಮಾನಕ್ಕೆ ಬದ್ಧ ಎನ್ನುತ್ತಾನೆ. ಅದನ್ನು ನುಣುಚಿಕೊಳ್ಳುವ ಮಾತೆಂದು ಬೈಯುತ್ತೇವೆ, ಆದರೆ ಅವನು ಹೇಳುತ್ತಿರುವುದು ವ್ಯವಸ್ಥೆಯ ನಿಜ.

ಪ್ರಣಾಳಿಕೆಗೂ ಕಾನೂನಿನ ಬಲವಿಲ್ಲ. ತಮಿಳುನಾಡಿನ ಉಚಿತ ಕೊಡುಗೆಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಪ್ರಣಾಳಿಕೆಯ ಭರವಸೆಗಳು ಚುನಾವಣಾ ಭ್ರಷ್ಟಾಚಾರ ಆಗುವುದಿಲ್ಲ ಎಂದಿತು. ಭರವಸೆಗೆ ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ಸ್ಥೂಲವಾಗಿ ಸೂಚಿಸಬೇಕು ಎಂಬ ಮಾತು ಆಮೇಲೆ ಮಾದರಿ ನೀತಿಸಂಹಿತೆಗೆ ಸೇರಿತು. ಆ ‘ಸ್ಥೂಲ’ದೊಳಗೆ ಎಲ್ಲವೂ ಹಿಡಿಸುತ್ತದೆ.

ಮಸುಕಿನ ಪರವಾಗಿಯೂ ವಾದವಿದೆ

ಅಸ್ಪಷ್ಟತೆಯೆಲ್ಲ ಮೋಸ ಎನ್ನುವುದು ಆತುರದ ತೀರ್ಪು. ನೂರಾರು ಜಾತಿಗಳಿರುವ ರಾಜ್ಯದಲ್ಲಿ ಪ್ರತಿ ಪಕ್ಷವೂ ಚುನಾವಣೆಗೆ ಮೊದಲೇ ಯಾರಿಗೆ ಎಷ್ಟು ಎಂದು ಅಂಕಿ ಹೇಳಿಬಿಟ್ಟರೆ, ಚುನಾವಣೆ ಜಾತಿ ಜಾತಿಗಳ ನೇರ ಕಾದಾಟವಾಗುತ್ತದೆ. ಬಾಯಿ ಮುಚ್ಚಿಕೊಂಡ ಅಭ್ಯರ್ಥಿ ಗೆದ್ದ ಮೇಲೆ ರಾಜಿಗೆ ಜಾಗ ಉಳಿಸಿಕೊಂಡಿರುತ್ತಾನೆ. ಎಚ್.ಎನ್. ನಾಗಮೋಹನ ದಾಸ್ ಆಯೋಗ 2025ರ ಆಗಸ್ಟ್‌ನಲ್ಲಿ ಪರಿಶಿಷ್ಟರನ್ನು ಐದು ಗುಂಪುಗಳಾಗಿ ವಿಂಗಡಿಸಿ ವರದಿ ಕೊಟ್ಟಾಗ, ಸರ್ಕಾರ ಎರಡೇ ವಾರದಲ್ಲಿ ಅದನ್ನು ಮೂರು ಗುಂಪುಗಳಿಗೆ ಇಳಿಸಿ ಶೇ 6–6–5 ಎಂಬ ಸೂತ್ರಕ್ಕೆ ಬಂತು. ಮೊದಲೇ ಅಂಕಿಗೆ ಕಟ್ಟುಬಿದ್ದಿದ್ದರೆ ಎಡಗೈ, ಬಲಗೈ ಎರಡೂ ಕಡೆಯವರು ಸಹಿಸಿಕೊಳ್ಳಬಲ್ಲ ಈ ಹೊಂದಾಣಿಕೆ ಸಾಧ್ಯವಿತ್ತೇ ಎಂಬುದು ಅನುಮಾನ.

ಈ ವಾದದಲ್ಲಿ ಹುರುಳಿದೆ. ಆದರೆ ಆ ರಾಜಿಗೆ ಬೆಲೆ ತೆತ್ತವರು ಯಾರೆಂದು ನೋಡಬೇಕು. ಆಯೋಗ ಪ್ರತ್ಯೇಕವಾಗಿ ಶೇ 1 ಇಟ್ಟಿದ್ದ ಅಲೆಮಾರಿ ಸಮುದಾಯಗಳು ಮೂರು ಗುಂಪಿನ ಸೂತ್ರದಲ್ಲಿ ಬಲಿಷ್ಠರ ಜೊತೆ ಸೇರಿಹೋದವು. ಊರೂರು ತಿರುಗುವ, ಯಾವ ಕ್ಷೇತ್ರದಲ್ಲೂ ನಿರ್ಣಾಯಕ ಸಂಖ್ಯೆಯಲ್ಲಿಲ್ಲದ ಜನ ಅವರು. ಮುಚ್ಚಿದ ಕೋಣೆಯಲ್ಲಿ ರಾಜಿ ನಡೆದಾಗ ಕೋಣೆಯೊಳಗೆ ತಮ್ಮವರಿಲ್ಲದವರ ಪಾಲೇ ಮೊದಲು ಕರಗುತ್ತದೆ. ಚುನಾವಣೆಯಲ್ಲಿ ಬಹಿರಂಗ ಚರ್ಚೆಯಾಗಿದ್ದರೆ ಅವರು ಗೆಲ್ಲುತ್ತಿದ್ದರು ಎಂದಲ್ಲ, ಕನಿಷ್ಠ ಅವರ ಹೆಸರಾದರೂ ಕೇಳಿಬರುತ್ತಿತ್ತು.

ತೆರುತ್ತಿರುವ ಬೆಲೆ

ಮತದಾರ ತೀರ್ಮಾನಿಸದ ಪ್ರಶ್ನೆ ಮಾಯವಾಗುವುದಿಲ್ಲ, ಬೇರೆಯವರ ಮೇಜಿಗೆ ಹೋಗುತ್ತದೆ. ಒಳಮೀಸಲಾತಿಗೆ ಚಲನೆ ಸಿಕ್ಕಿದ್ದು ಯಾವ ಪ್ರಣಾಳಿಕೆಯಿಂದಲೂ ಅಲ್ಲ, 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 6:1 ಬಹುಮತದಿಂದ ಉಪವರ್ಗೀಕರಣವನ್ನು ಒಪ್ಪಿದ ಮೇಲೆ. ಜಾತಿ ಸಮೀಕ್ಷೆಯ ಹಣೆಬರಹ ತೀರ್ಮಾನವಾದದ್ದು ದೆಹಲಿಯ ಸಭೆಯಲ್ಲಿ. ಹೊಸ ಸಮೀಕ್ಷೆಗೆ ಸರ್ಕಾರ ಅಂದಾಜಿಸಿದ ವೆಚ್ಚ 420 ಕೋಟಿ ರೂಪಾಯಿ. ಅದು ಆರಂಭವಾದ ವಾರದಲ್ಲೇ ಹೈಕೋರ್ಟ್, ಮಾಹಿತಿ ಕೊಡುವುದು ಜನರ ಇಚ್ಛೆಗೆ ಬಿಟ್ಟದ್ದು, ಯಾರನ್ನೂ ಒತ್ತಾಯಿಸುವಂತಿಲ್ಲ ಎಂದಿತು. ಅಂದರೆ ನಾಳೆ ಈ ಅಂಕಿಗಳನ್ನೂ ಪ್ರಶ್ನಿಸಲು ಇಚ್ಛಿಸುವವರಿಗೆ ಕಾರಣ ಈಗಲೇ ತಯಾರಿದೆ.

ಸ್ಥಳೀಯ ಸಂಸ್ಥೆಗಳ ಕಥೆ ಇನ್ನೂ ಕೆಟ್ಟದ್ದು. ಹಿಂದುಳಿದ ವರ್ಗಗಳಿಗೆ ಅಲ್ಲಿ ಸ್ಥಾನ ಮೀಸಲಿಡಲು ನಿಖರ ದತ್ತಾಂಶ ಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಕಡ್ಡಾಯ ಮಾಡಿತು. ಕರ್ನಾಟಕದ ಕಪಾಟಿನಲ್ಲಿ ದತ್ತಾಂಶವಿತ್ತು, ಅದನ್ನು ಒಪ್ಪುವ ಸರ್ಕಾರವಿರಲಿಲ್ಲ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿಯಿತು, ನಂತರ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಕ್ಷೇತ್ರ ಪುನರ್ವಿಂಗಡಣೆಯ ಎಳೆದಾಟವೂ ಇದಕ್ಕೆ ಕಾರಣ. ಆದರೆ ಮೀಸಲಾತಿಯ ಲೆಕ್ಕವನ್ನು ಯಾರೂ ಇತ್ಯರ್ಥ ಮಾಡದಿದ್ದದ್ದು ಆ ಎಳೆದಾಟಕ್ಕೆ ಒಳ್ಳೆಯ ನೆಪವಾಯಿತು.

75 ಎಂಬ ಸಂಖ್ಯೆ

ಮುಂದಿನ ವಿಧಾನಸಭಾ ಚುನಾವಣೆ 2028ರಲ್ಲಿ. ಅಷ್ಟರೊಳಗೆ ಹೊಸ ಸಮೀಕ್ಷೆಯ ಅಂಕಿಗಳು ಮತ್ತೆ ಅದೇ ಪ್ರಶ್ನೆಯನ್ನು ಅಭ್ಯರ್ಥಿಗಳ ಮುಂದಿಡುತ್ತವೆ. ಆಗ ಹೆಚ್ಚು ಕೇಳಿಬರುವ ಉತ್ತರ ಯಾವುದಿರಬಹುದು ಎಂದು ಈಗಲೇ ಊಹಿಸಬಹುದು: ಮೀಸಲಾತಿಯ ಒಟ್ಟು ಮಿತಿಯನ್ನೇ ಏರಿಸುತ್ತೇವೆ. 2023ರ ಕಾಂಗ್ರೆಸ್ ಪ್ರಣಾಳಿಕೆಯಲ್ಲಿ ಶೇ 75ರ ಭರವಸೆ ಇತ್ತು. ಹಳೆಯ ವರದಿಯೂ ಹಿಂದುಳಿದ ವರ್ಗಗಳ ಪಾಲನ್ನು ಶೇ 32ರಿಂದ 51ಕ್ಕೆ ಏರಿಸಲು ಹೇಳಿತ್ತು. ಪರಿಶಿಷ್ಟ ಜಾತಿಯ 17, ಪರಿಶಿಷ್ಟ ಪಂಗಡದ 7 ಸೇರಿದರೆ ಸರಿಯಾಗಿ 75.

ನೋಡಲು ಇದು ಖಚಿತ ನಿಲುವು, ಸಂಖ್ಯೆಯೇ ಇದೆಯಲ್ಲ! ಆದರೆ 1992ರ ಇಂದ್ರಾ ಸಾಹ್ನಿ ತೀರ್ಪಿನ ಶೇ 50ರ ಮಿತಿ ದಾಟಬೇಕಾದರೆ ಸಂವಿಧಾನ ತಿದ್ದುಪಡಿಯೋ ಕಾನೂನನ್ನು ಕೋರ್ಟಿನ ಪ್ರಶ್ನೆಯಿಂದ ಬಹುಮಟ್ಟಿಗೆ ಕಾಯುವ ಒಂಬತ್ತನೇ ಅನುಸೂಚಿಯ ರಕ್ಷಣೆಯೋ ಬೇಕು, ಎರಡೂ ಸಂಸತ್ತಿನ ಕೈಯಲ್ಲಿವೆ. ರಾಜ್ಯದ 56ರ (32, 17, 7 ಸೇರಿ) ಲೆಕ್ಕವೇ ಆ ಮಿತಿಯನ್ನು ಮೀರಿದ್ದು. ಎಲ್ಲರ ಪಾಲೂ ಹೆಚ್ಚುತ್ತದೆ ಎಂದು ಹೇಳಿದವರು ಯಾರ ಪಾಲು ಕಡಿಮೆಯಾಗುತ್ತದೆ ಎಂದು ಹೇಳಬೇಕಾಗಿಲ್ಲ. ಆಗಲಿಲ್ಲವೆಂದರೆ ದೆಹಲಿಯತ್ತ ಬೆರಳು ತೋರಿಸಬಹುದು. ಅಭ್ಯರ್ಥಿ ಮನೆ ಬಾಗಿಲಿಗೆ ಬಂದಾಗ 75ರ ಬಗ್ಗೆ ಕೇಳಿದರೆ ಉತ್ತರ ಸುಲಭವಾಗಿ ಸಿಗುತ್ತದೆ. ಮಿತಿ 50ರಲ್ಲೇ ಉಳಿದರೆ ಹೊಸ ಅಂಕಿಗಳ ಪ್ರಕಾರ ಯಾವ ಪ್ರವರ್ಗದಿಂದ ಎಷ್ಟು ತೆಗೆದು ಯಾವುದಕ್ಕೆ ಕೊಡುತ್ತೀರಿ ಎಂದು ಕೇಳಿ ನೋಡಬೇಕು.